ಮಕ್ಕಳು, ಅಜ್ಜಿ-ತಾತನ ಜೊತೆ ಕೊಡಗಿಗೆ ಹೊರಟಿದ್ದೀರಾ? ದಿನಕ್ಕೆ ಒಂದೇ ದಿಕ್ಕು ಸಾಕು

“ಎರಡು ದಿನ ರಜೆ ಇದೆ. ಚಿಕ್ಕ ಮಕ್ಕಳಿದ್ದಾರೆ, ಅಮ್ಮನಿಗೆ ಮಂಡಿ ನೋವು. ಕೊಡಗಿನಲ್ಲಿ ಏನೇನು ನೋಡಬಹುದು?” ಶಾಲೆಗೆ ರಜೆ ಬಂತೆಂದರೆ ಮಡಿಕೇರಿಯಲ್ಲಿರುವ ನಮ್ಮಂಥವರ ಫೋನಿಗೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಜೊತೆಗೆ ಒಂದು ಪಟ್ಟಿಯೂ ಬರುತ್ತದೆ. ಅಬ್ಬಿ, ರಾಜಾಸೀಟು, ತಲಕಾವೇರಿ, ದುಬಾರೆ, ನಿಸರ್ಗಧಾಮ, ಮಾಂದಲಪಟ್ಟಿ, ಇರ್ಪು, ನಾಗರಹೊಳೆ. ಎಲ್ಲ ಎರಡೇ ದಿನಕ್ಕೆ!

ಆಗುವುದಿಲ್ಲ. ಇಲ್ಲಿ 40 ಕಿ.ಮೀ. ಎಂದರೆ ಒಂದೂಕಾಲು ಗಂಟೆ ಎಂದು ಲೆಕ್ಕ ಹಾಕಿಕೊಳ್ಳಿ. ಮಗು ವಾಂತಿ ಮಾಡಿತು ಎಂದರೆ ಎರಡು ಗಂಟೆ. ಒಂದೇ ದಿನ ತಲಕಾವೇರಿಗೂ ದುಬಾರೆಗೂ ಹೋದವರು ನೋಡುವುದು ರಸ್ತೆಯನ್ನು ಮಾತ್ರ. ಅದಕ್ಕೇ ನಾನು ಹೇಳುವುದು ಇಷ್ಟೇ: ದಿನಕ್ಕೆ ಒಂದು ದಿಕ್ಕು ಆರಿಸಿ. ಆ ದಿಕ್ಕಿನಲ್ಲಿ ಎರಡು ಜಾಗ ಸಾಕು, ಮೂರು ಜಾಸ್ತಿ. ಉಳಿದದ್ದು ಇನ್ನೊಂದು ರಜೆಗಿರಲಿ.

ಹಂತ 1: ತಿಂಗಳು ಆರಿಸಿ

ಮಕ್ಕಳ ಜೊತೆ ಬರಲು ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗಿನ ಸಮಯ ಚೆನ್ನ. ಮಳೆ ಮುಗಿದಿರುತ್ತದೆ, ಜಲಪಾತಗಳಲ್ಲಿ ಇನ್ನೂ ನೀರಿರುತ್ತದೆ. ಡಿಸೆಂಬರ್ ಹೊತ್ತಿಗೆ ತೋಟಗಳಲ್ಲಿ ಕಾಫಿ ಕೊಯ್ಲು ಜೋರಾಗಿರುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದರೆ, ಅಂದರೆ ಕಾಫಿ ಗಿಡ ಹೂಬಿಡಲು ಬೇಕಾದ ಬೇಸಿಗೆಯ ಮೊದಲ ಮಳೆ ಬಂದರೆ, ವಾರ-ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಆದರೆ ಆಗ ಅಬ್ಬಿ ಜಲಪಾತದಲ್ಲಿ ನೀರು ಸಣಕಲಾಗಿರುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಹಸಿರು, ಮಂಜು, ಹೊಳೆ ಎಲ್ಲ ಚಂದ, ಸುಳ್ಳಲ್ಲ. ಆದರೆ ಜುಲೈ, ಆಗಸ್ಟ್‌ನಲ್ಲಿ ಪುಟ್ಟ ಮಕ್ಕಳನ್ನು ಕರೆದುಕೊಂಡು ಬನ್ನಿ ಎಂದು ನಾನಂತೂ ಹೇಳುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಕುಸಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟವೇ ಜಾರಿತು. ಜೋರು ಮಳೆಯಲ್ಲಿ ಜಿಲ್ಲಾಡಳಿತ ಕೆಲವು ಜಾಗಗಳನ್ನು ಮುಚ್ಚುತ್ತದೆ. ಬರುವುದೇ ಎಂದಾದರೆ ಹೊರಡುವ ಹಿಂದಿನ ದಿನ ರೆಡ್ ಅಲರ್ಟ್ ಇದೆಯಾ ನೋಡಿ. ಇದ್ದರೆ ಬುಕ್ಕಿಂಗ್ ದುಡ್ಡು ಹೋದರೂ ಹೋಗಲಿ, ಬರಬೇಡಿ.

ಮಡಿಕೇರಿ ದಸರಾ ಬಗ್ಗೆಯೂ ಕೇಳುತ್ತಾರೆ. ಹತ್ತು ದೇವಸ್ಥಾನಗಳ ದಶಮಂಟಪಗಳು, ಅಂದರೆ ಮೂರ್ತಿ, ದೀಪಗಳಿಂದ ಸಿಂಗರಿಸಿದ ಮೆರವಣಿಗೆ ವಾಹನಗಳು, ಹೊರಡುವುದು ವಿಜಯದಶಮಿಯ ರಾತ್ರಿ, ಮುಗಿಯುವುದು ಬೆಳಗಿನ ಹೊತ್ತಿಗೆ. ಕಿವಿಗಡಚಿಕ್ಕುವ ಸದ್ದು, ಕಾಲಿಡಲು ಜಾಗವಿಲ್ಲದಷ್ಟು ಜನ. ಹತ್ತು-ಹನ್ನೆರಡು ವರ್ಷ ದಾಟಿದ ಮಕ್ಕಳಾದರೆ ಕರೆತನ್ನಿ. ಅದಕ್ಕಿಂತ ಚಿಕ್ಕವರಿಗೆ ಹಗಲು ಹೊತ್ತು ಮಂಟಪ ಕಟ್ಟುವುದನ್ನು ತೋರಿಸಿದರೆ ಸಾಕು.

ಹಂತ 2: ಉಳಿಯುವ ಜಾಗ

ಎರಡು ದಿನದ ಪ್ರವಾಸಕ್ಕೆ ಮಡಿಕೇರಿ ಅಥವಾ ಮಡಿಕೇರಿ-ಕುಶಾಲನಗರ ನಡುವೆ ಎಲ್ಲಾದರೂ ಉಳಿಯಿರಿ. ಎರಡೂ ಊರುಗಳ ನಡುವೆ ಸುಮಾರು 30 ಕಿ.ಮೀ. ಹೋಟೆಲ್ ಆದರೆ ಹೇಳುವಂಥದ್ದೇನಿಲ್ಲ. ಹೋಂಸ್ಟೇ, ಅಂದರೆ ಮನೆಯವರೇ ನಡೆಸುವ ತಂಗುದಾಣವಾದರೆ ಬುಕ್ ಮಾಡುವ ಮುಂಚೆ ಫೋನ್ ಮಾಡಿ ಇಷ್ಟು ಕೇಳಿ:

- ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ?
- ಮುಖ್ಯ ರಸ್ತೆಯಿಂದ ಎಷ್ಟು ದೂರ? ನಮ್ಮ ಕಾರು ಬಾಗಿಲವರೆಗೆ ಬರುತ್ತದೋ, ಜೀಪೇ ಬೇಕೋ?
- ಈಜುಕೊಳ, ಕೆರೆ, ತೋಡು ಇದೆಯಾ? ಸುತ್ತ ಬೇಲಿ ಇದೆಯಾ?
- ಬಿಸಿನೀರು ಹೇಗೆ? ಸೋಲಾರ್, ಹಂಡೆ ಒಲೆ, ಕರೆಂಟು, ಗ್ಯಾಸ್ ಗೀಸರ್?
- ಕರೆಂಟು ಹೋದರೆ ಏನು ವ್ಯವಸ್ಥೆ?

ನಾಲ್ಕನೆಯದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಚಳಿ ಎಂದು ಕಿಟಕಿ ಮುಚ್ಚಿ ಸ್ನಾನಕ್ಕೆ ನಿಂತವರು ಅಲ್ಲೇ ಕುಸಿದು ಬೀಳುತ್ತಾರೆ. ಗೀಸರ್ ಬಚ್ಚಲ ಹೊರಗಿರಬೇಕು. ಒಳಗಿದ್ದರೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಕಿಟಕಿ ತೆಗೆದು, ಆಮೇಲೆ ಮಕ್ಕಳನ್ನು ಒಳಗೆ ಬಿಡಿ.

ಇನ್ನೊಂದು ಮಾತು. ತೋಟದ ನಡುವಿನ ಮನೆಯಾದರೆ ಕತ್ತಲಾದ ಮೇಲೆ, ಬೆಳಗಿನ ಜಾವ ತೋಟದೊಳಗೆ ವಾಕಿಂಗ್ ಬೇಡ. ಕೊಡಗಿನ ಬಹಳ ಕಡೆ ಕಾಡಾನೆ ತೋಟಕ್ಕೇ ಬರುತ್ತದೆ. ಸಿದ್ದಾಪುರ, ವಿರಾಜಪೇಟೆ ಕಡೆ ಇನ್ನೂ ಜಾಸ್ತಿ. ಮನೆಯವರು “ಇವತ್ತು ಆ ಕಡೆ ಹೋಗಬೇಡಿ” ಎಂದರೆ ಕಾರಣ ಕೇಳುತ್ತ ನಿಲ್ಲಬೇಡಿ.

ಹಂತ 3: ದಾರಿ ಮತ್ತು ಚೀಲ

ಕೊಡಗಿಗೆ ರೈಲಿಲ್ಲ. ಬೆಂಗಳೂರು, ಮೈಸೂರು ಕಡೆಯಿಂದ ಬರುವವರು ಮೈಸೂರಿನವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ಸು ಅಥವಾ ಟ್ಯಾಕ್ಸಿ ಹಿಡಿಯಬಹುದು. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ., ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೇಲೆ. ಕುಶಾಲನಗರದವರೆಗೆ ದಾರಿ ಸಲೀಸು, ತಿರುವು ಶುರುವಾಗುವುದು ಆಮೇಲೆ. ಮಂಗಳೂರು ಕಡೆಯಿಂದ ಬರುವವರಿಗೆ ಸುಳ್ಯ ದಾಟಿದ ಮೇಲೆ ಸಂಪಾಜೆ ಘಾಟಿ. ಹೊಟ್ಟೆ ತೊಳಸುವುದು ಅಲ್ಲೇ.

ವಾಂತಿ ಬರುವ ಮಕ್ಕಳಿಗೆ ಹೊಟ್ಟೆ ತುಂಬ ತಿನ್ನಿಸಬೇಡಿ, ಪೂರ್ತಿ ಖಾಲಿಯೂ ಬಿಡಬೇಡಿ. ಎರಡು ಇಡ್ಲಿ ಸಾಕು. ಕೈಗೆ ಮೊಬೈಲ್ ಕೊಡಬೇಡಿ. ತಲೆ ಬಗ್ಗಿಸಿ ಪರದೆ ನೋಡುತ್ತ ಕುಳಿತ ಮಗು ಮೂರನೇ ತಿರುವಿನಲ್ಲಿ ಮುಖ ಹುಳ್ಳಗೆ ಮಾಡುತ್ತದೆ. ಕಿಟಕಿ ಸ್ವಲ್ಪ ತೆಗೆದು, ದೂರದ ಬೆಟ್ಟ ತೋರಿಸಿ. ಮಾತ್ರೆ ಕೊಡುವುದಾದರೆ ಮಕ್ಕಳ ಡಾಕ್ಟರನ್ನು ಊರಲ್ಲೇ ಕೇಳಿಕೊಂಡು ಬನ್ನಿ.

ಚೀಲದಲ್ಲಿ ಸ್ವೆಟರ್, ಕೊಡೆ, ಒಂದು ಜೊತೆ ಜಾಸ್ತಿ ಕಾಲುಚೀಲ, ಟಾರ್ಚು, ನೀರಿನ ಬಾಟಲಿ, ಸ್ವಲ್ಪ ಚಿಲ್ಲರೆ ನೋಟು ಇರಲಿ. ಹಳ್ಳಿ ಕಡೆ ನೆಟ್‌ವರ್ಕ್ ಸಿಗದಿದ್ದರೆ ಫೋನಿನಲ್ಲಿ ದುಡ್ಡು ಕೊಡಲು ಆಗುವುದಿಲ್ಲ. ಹಾಲಿನ ಪುಡಿ, ಡೈಪರ್, ಔಷಧಿಯನ್ನು ಕುಶಾಲನಗರ ಅಥವಾ ಮಡಿಕೇರಿಯಲ್ಲೇ ತೆಗೆದುಕೊಳ್ಳಿ.

ಜಿಗಣೆ ಬಗ್ಗೆ ಅಮ್ಮಂದಿರು ವಿಪರೀತ ಹೆದರುತ್ತಾರೆ. ಮಳೆಗಾಲದಲ್ಲಿ ಹುಲ್ಲು, ತರಗೆಲೆ ಇರುವ ಕಡೆಯೆಲ್ಲ ಇರುತ್ತವೆ, ನಿಜ. ಕಚ್ಚಿದರೆ ನೋವಿಲ್ಲ, ರೋಗವೂ ಬರುವುದಿಲ್ಲ. ಸ್ವಲ್ಪ ರಕ್ತ ಹೋಗುತ್ತದೆ, ಆಮೇಲೆ ತುರಿಸುತ್ತದೆ, ಅಷ್ಟೇ. ಎಳೆದು ಕೀಳಬೇಡಿ. ಉಗುರಿನಿಂದ ಪಕ್ಕಕ್ಕೆ ಜಾರಿಸಿ, ಇಲ್ಲವೇ ಚೂರು ಉಪ್ಪು ಹಾಕಿ. ತಾನಾಗಿ ಉದುರುತ್ತದೆ.

ಹಂತ 4: ಮೊದಲ ದಿನ ಕುಶಾಲನಗರದ ದಿಕ್ಕು

ಚಿಕ್ಕ ಮಕ್ಕಳಿಗೆ ಕೊಡಗಿನಲ್ಲಿ ಅತ್ಯಂತ ಖುಷಿ ಕೊಡುವುದು ಈ ದಿಕ್ಕೇ. ಹತ್ತುವುದು ಇಳಿಯುವುದು ಕಮ್ಮಿ, ಹಿರಿಯರಿಗೂ ಒಳ್ಳೆಯದು.

ಶುರು ದುಬಾರೆಯಿಂದ. ಕುಶಾಲನಗರದಿಂದ ಸುಮಾರು 15 ಕಿ.ಮೀ., ನಂಜರಾಯಪಟ್ಟಣದ ಹತ್ತಿರ, ಕಾವೇರಿ ದಡದಲ್ಲಿ ಅರಣ್ಯ ಇಲಾಖೆಯ ಆನೆ ಶಿಬಿರ. ಮೈಸೂರು ದಸರಾಕ್ಕೆ ಹೋಗುವ ಆನೆಗಳಲ್ಲಿ ಕೆಲವು ಇಲ್ಲಿಂದಲೇ ಹೊರಡುತ್ತವೆ. ಶಿಬಿರ ಇರುವುದು ಹೊಳೆಯ ಆಚೆ ದಡದಲ್ಲಿ. ದೋಣಿಯಲ್ಲಿ ದಾಟಬೇಕು. ನೋಡಬೇಕಾದದ್ದು ಆನೆ ಸ್ನಾನ, ಅದು ಬೆಳಿಗ್ಗೆ ಮಾತ್ರ. ಎಂಟೂವರೆಗೆಲ್ಲ ದೋಣಿಯ ಸಾಲಿನಲ್ಲಿ ನಿಂತಿರಿ. ಹೋಟೆಲಿನ ತಿಂಡಿ ಮುಗಿಸಿಕೊಂಡು ಹನ್ನೊಂದಕ್ಕೆ ಬಂದವರಿಗೆ ಒದ್ದೆ ಕಲ್ಲು ಮಾತ್ರ ಸಿಗುತ್ತದೆ.

ಆನೆ ನೀರಿನಲ್ಲಿ ಒಂದು ಮಗ್ಗುಲಿಗೆ ಮಲಗುತ್ತದೆ. ಸೊಂಡಿಲ ತುದಿ ಮಾತ್ರ ನೀರಿನ ಮೇಲೆ. ಮಾವುತ ಹೊಟ್ಟೆಯ ಮೇಲೆ ಹತ್ತಿ ಬ್ರಷ್ಷಿನಿಂದ ಗಸಗಸ ಉಜ್ಜುತ್ತಾನೆ. ಕಿವಿಯ ಹಿಂದೆ, ಕಾಲುಗುರಿನ ಸಂದಿನಲ್ಲಿ ಕೆಸರು ಕರಗಿ ಹೋಗುವುದು ಕಾಣುತ್ತದೆ. ಆಮೇಲೆ ಒಂದು ಮಾತು ಹೇಳುತ್ತಾನೆ, ಅಷ್ಟು ದೊಡ್ಡ ಜೀವ ಎದ್ದು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತದೆ. ಮನೆಯಲ್ಲಿ ಸ್ನಾನಕ್ಕೆ ಹಟ ಮಾಡುವ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಊಟಕ್ಕೆ ರಾಗಿಮುದ್ದೆ, ಬೆಲ್ಲ. ಮುದ್ದೆ ನೇರ ಬಾಯೊಳಗೇ. ಮಾವುತ ಅಂದರೆ ಆನೆಯ ಜವಾಬ್ದಾರಿ ಹೊತ್ತವನು, ಕಾವಾಡಿ ಅವನ ಜೊತೆಗಾರ. ಇವರಲ್ಲಿ ಬಹಳ ಮಂದಿ ಜೇನು ಕುರುಬ ಸಮುದಾಯದವರು, ತಲೆಮಾರುಗಳಿಂದ ಇದೇ ಕೆಲಸ. ಬಿಡುವಾಗಿದ್ದರೆ ಆನೆಯ ಹೆಸರು, ವಯಸ್ಸು, ಅದರ ಹಟ ಎಲ್ಲ ಹೇಳುತ್ತಾರೆ. ಮಕ್ಕಳ ಕೈಲೇ ಕೇಳಿಸಿ.

ಎಚ್ಚರಿಕೆ ಮೂರು. ಆನೆಯ ಹಿಂದೆ ನಿಲ್ಲಬೇಡಿ. ಮುಟ್ಟುವುದು, ತಿನ್ನಿಸುವುದು ಎಲ್ಲ ಸಿಬ್ಬಂದಿ ಹೇಳಿದಂತೆ, ಆ ನಿಯಮ ಆಗಾಗ ಬದಲಾಗುತ್ತದೆ. ಹೊಳೆಯಲ್ಲಿ ನೀರು ಏರಿದರೆ ದೋಣಿ ನಿಲ್ಲಿಸುತ್ತಾರೆ, ಆದ್ದರಿಂದ ಮಳೆಗಾಲದಲ್ಲಿ ವಿಚಾರಿಸದೆ ಹೋಗಬೇಡಿ. ಅಲ್ಲೇ ರ‍್ಯಾಫ್ಟಿಂಗ್ ಕೂಡ ಇದೆ, ಅಂದರೆ ಗಾಳಿ ತುಂಬಿದ ದೋಣಿಯಲ್ಲಿ ಹೊಳೆ ಇಳಿಯುವುದು. ಚಿಕ್ಕವರಿಗೆ ಬೇಡ. ದೊಡ್ಡವರಿಗೂ ಲೈಫ್ ಜಾಕೆಟ್‌ನ ಎಲ್ಲ ಬಕಲ್ ಹಾಕದೆ ಬೇಡ.

ಮಧ್ಯಾಹ್ನಕ್ಕೆ ಬೈಲುಕುಪ್ಪೆ. ಕುಶಾಲನಗರದಿಂದ ಐದಾರು ಕಿ.ಮೀ. ಕಾವೇರಿ ದಾಟಿದರೆ ಮೈಸೂರು ಜಿಲ್ಲೆ, ಆದರೂ ಕೊಡಗಿಗೆ ಬಂದವರೆಲ್ಲ ಹೋಗುವುದು ಅಲ್ಲಿಗೇ. ಟಿಬೆಟಿನಿಂದ ಬಂದವರಿಗೆ 1960ರ ದಶಕದ ಶುರುವಿನಲ್ಲಿ ಇಲ್ಲಿ ಜಾಗ ಕೊಟ್ಟರು. ಜನ ಗೋಲ್ಡನ್ ಟೆಂಪಲ್ ಎನ್ನುವುದು ಅಲ್ಲಿನ ನಾಮ್‌ಡ್ರೋಲಿಂಗ್ ಮಠವನ್ನು. ಒಳಗೆ ಬುದ್ಧ, ಪದ್ಮಸಂಭವ, ಅಮಿತಾಯುಸ್ ಮೂವರ ದೊಡ್ಡ ಬಂಗಾರದ ಬಣ್ಣದ ಮೂರ್ತಿಗಳಿವೆ. ಪ್ರಾರ್ಥನೆಯ ಹೊತ್ತಾಗಿದ್ದರೆ ದೊಡ್ಡ ಡೋಲು, ಉದ್ದ ಕಹಳೆಯ ಸದ್ದು ಕೇಳಬಹುದು. ಆಗ ಮಕ್ಕಳನ್ನು ಗೋಡೆ ಪಕ್ಕ ಕೂರಿಸಿ, ಓಡಲು ಬಿಡಬೇಡಿ. ಓಡುವುದಕ್ಕೆ ಹೊರಗೆ ಬೇಕಾದಷ್ಟು ಹುಲ್ಲಿದೆ. ಊಟವೂ ಅಲ್ಲೇ ಮುಗಿಸಬಹುದು. ಮೊಮೊ ಗೊತ್ತೇ ಇದೆ, ತುಕ್ಪಾ ಅಂದರೆ ತರಕಾರಿ ಹಾಕಿದ ನೂಡಲ್ಸ್ ಸಾರು. ಖಾರ ಇರುವುದಿಲ್ಲ, ಮಕ್ಕಳಿಗೆ ಇಷ್ಟವಾಗುತ್ತದೆ.

ಇನ್ನೂ ಶಕ್ತಿ ಇದ್ದರೆ ಮಡಿಕೇರಿಗೆ ಹಿಂತಿರುಗುವ ದಾರಿಯಲ್ಲೇ ಕಾವೇರಿ ನಿಸರ್ಗಧಾಮ. ಕಾವೇರಿ ಸುತ್ತುವರಿದ 64 ಎಕರೆಯ ದ್ವೀಪ. ತೂಗುಸೇತುವೆ, ಬಿದಿರು ಮೆಳೆ, ಜಿಂಕೆಗಳು. ಮಗು ಕಾರಿನಲ್ಲೇ ನಿದ್ದೆ ಹೋಯಿತೋ, ಬಿಟ್ಟುಬಿಡಿ. ಎಬ್ಬಿಸಿ ತೋರಿಸುವಷ್ಟು ದೊಡ್ಡದೇನಲ್ಲ.

ಹಂತ 5: ಎರಡನೇ ದಿನ ಮಡಿಕೇರಿ ಪೇಟೆ

ಎಲ್ಲರೂ ಪೇಟೆಯನ್ನು ರಾಜಾಸೀಟಿಗೆ, ಅಂದರೆ ಸೂರ್ಯಾಸ್ತ ನೋಡುವ ಉದ್ಯಾನಕ್ಕೆ, ಮುಗಿಸಿಬಿಡುತ್ತಾರೆ. ಆದರೆ ಮಡಿಕೇರಿಯಲ್ಲೇ ಒಂದು ಇಡೀ ದಿನಕ್ಕೆ ಸಾಕಾಗುವಷ್ಟಿದೆ. ದೂರವೂ ಇಲ್ಲ, ಆಟೋದಲ್ಲೇ ಓಡಾಡಬಹುದು. ಹತ್ತುವ ಮುಂಚೆ ಬಾಡಿಗೆ ಮಾತಾಡಿಕೊಳ್ಳಿ.

ಬೆಳಿಗ್ಗೆ ಓಂಕಾರೇಶ್ವರ ದೇವಸ್ಥಾನ. 1820ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರ ಕಟ್ಟಿಸಿದ್ದು. ಗುಮ್ಮಟ, ನಾಲ್ಕು ಮೂಲೆಯಲ್ಲಿ ಗೋಪುರ, ದೂರದಿಂದ ದೇವಸ್ಥಾನ ಎಂದೇ ಅನಿಸುವುದಿಲ್ಲ. ಎದುರಿಗೆ ಕೆರೆ, ಕೆರೆಯ ನಡುವೆ ಮಂಟಪ, ನೀರಿನ ತುಂಬ ಮೀನು. ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ. ಮೆಟ್ಟಿಲು ಪಾಚಿ ಹಿಡಿದಿರುತ್ತದೆ, ಕೈ ಬಿಡಬೇಡಿ.

ಆಮೇಲೆ ಕೋಟೆ. ಮೊದಲು ಮುದ್ದುರಾಜ ಮಣ್ಣಿನಲ್ಲಿ ಕಟ್ಟಿಸಿದ, ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ. ಒಳಗೆ ಅರಮನೆ, ಅಂಗಳದಲ್ಲಿ ನಿಜ ಗಾತ್ರದ ಎರಡು ಗಾರೆ ಆನೆಗಳು. ಹಿಂದಿನ ದಿನ ದುಬಾರೆ ನೋಡಿದ ಮಕ್ಕಳು ಇಲ್ಲಿ ಆನೆಯ ಉಗುರು ಎಣಿಸುತ್ತಾರೆ. ಬ್ರಿಟಿಷರ ಕಾಲದ ಚರ್ಚ್ ಈಗ ವಸ್ತುಸಂಗ್ರಹಾಲಯ. ಅರ್ಧ ಗಂಟೆ ಸಾಕು.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ಜನರಲ್ ತಿಮ್ಮಯ್ಯ ಮ್ಯೂಸಿಯಂ ಬಿಡಬೇಡಿ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಕೊಡಂದೇರ ತಿಮ್ಮಯ್ಯ ಹುಟ್ಟಿ ಬೆಳೆದ ‘ಸನ್ನಿಸೈಡ್’ ಮನೆಯನ್ನೇ 2021ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಹೊರಗೆ ಯುದ್ಧ ಟ್ಯಾಂಕ್, ವಿಮಾನ. ನನ್ನ ಮಟ್ಟಿಗೆ ಮಡಿಕೇರಿಯಲ್ಲಿ ಮಳೆ ದಿನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಸೋಮವಾರ ಹೋಗುವವರು ಎರಡೂ ಮ್ಯೂಸಿಯಂಗಳು ತೆರೆದಿರುತ್ತವೆಯಾ ಎಂದು ಕೇಳಿಕೊಳ್ಳಿ.

ಗದ್ದಿಗೆ, ಅಂದರೆ ಕೊಡಗಿನ ಅರಸರ ಸಮಾಧಿ, ಪೇಟೆಗೆ ಅಂಟಿಕೊಂಡೇ ಇದೆ. ಜನ ಕಮ್ಮಿ, ಬಯಲು ಜಾಸ್ತಿ. ಶುಕ್ರವಾರ ಇಲ್ಲಿದ್ದರೆ ಸಂತೆಗೆ ಒಂದು ಸುತ್ತು ಹಾಕಿ.

ಸಂಜೆ ರಾಜಾಸೀಟು. ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಹೋಗಿ, ಇಲ್ಲದಿದ್ದರೆ ಕಾರು ನಿಲ್ಲಿಸಲು ಜಾಗ ಹುಡುಕುವಾಗಲೇ ಅವನು ಮುಳುಗಿರುತ್ತಾನೆ. ಮಳೆಗಾಲದಲ್ಲಿ ಇಲ್ಲಿ ಕಾಣುವುದು ಮಂಜು ಮಾತ್ರ.

ಅಬ್ಬಿ ಜಲಪಾತ ಪೇಟೆಯಿಂದ ಏಳೆಂಟು ಕಿ.ಮೀ. ಕಾಫಿ-ಮೆಣಸಿನ ತೋಟದ ನಡುವೆ ಮೆಟ್ಟಿಲು ಇಳಿಯಬೇಕು. ಇಳಿಯುವಾಗ ಯಾರಿಗೂ ಕಷ್ಟ ಗೊತ್ತಾಗುವುದಿಲ್ಲ. ಮಂಡಿ ನೋವಿರುವ ಅಜ್ಜಿಯನ್ನು ಮೇಲೇ ಟೀ ಅಂಗಡಿಯಲ್ಲಿ ಕೂರಿಸಿ, ಜೊತೆಗೆ ಒಬ್ಬರಿರಿ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು.

ಹಂತ 6: ಮೂರನೇ ದಿನ ಇದ್ದರೆ

*ಭಾಗಮಂಡಲ-ತಲಕಾವೇರಿ:* ಹಿರಿಯರಿದ್ದರೆ ಇದೇ ಸರಿ. ಮಡಿಕೇರಿಯಿಂದ ಭಾಗಮಂಡಲ ಸುಮಾರು 39 ಕಿ.ಮೀ., ಅಲ್ಲಿಂದ ಮೇಲೆ ತಲಕಾವೇರಿ 8 ಕಿ.ಮೀ. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಸೇರುವ ಸಂಗಮದಲ್ಲಿ ಕಾಲು ತೊಳೆದು ಮೇಲೆ ಹೋಗುವುದು ರೂಢಿ. ಮೈತುಂಬ ಬಟ್ಟೆ ಇರಲಿ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದಂದು ವಿಪರೀತ ಜನ. ಹರಕೆ ಇಲ್ಲದವರು ಆ ದಿನ ಮಕ್ಕಳನ್ನು ಕರೆತರಬೇಡಿ.

*ಮಾಂದಲಪಟ್ಟಿ:* ಬೆಟ್ಟ, ಮೋಡ, ಜೀಪು. ಕೊನೆಯ ಭಾಗದಲ್ಲಿ ಜೀಪು ಹಾರುತ್ತದೆ ಎಂದರೂ ತಪ್ಪಲ್ಲ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಬೆನ್ನು ನೋವಿನವರು ಬೇಡವೇ ಬೇಡ. ಹದಿಹರೆಯದವರಿಗೆ ಇದೇ ಬೇಕು.

*ಕಕ್ಕಬ್ಬೆ ಕಡೆ:* ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ ಇದೆ, ಚಿಕ್ಕದು, ಚಿತ್ರ ಬಿಡಿಸಿದ ಗೋಡೆಗಳು. ಅದರ ಬೆನ್ನಿಗೇ ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್, 1748 ಮೀಟರ್. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.

*ಕುಟ್ಟ, ನಾಗರಹೊಳೆ, ಇರ್ಪು ಜಲಪಾತ:* ಮಡಿಕೇರಿಯಿಂದ ಹೋಗಿ ಬರುವ ದೂರವಲ್ಲ. ಆ ಕಡೆಯೇ ಒಂದು ರಾತ್ರಿ ಉಳಿದರೆ ಮಾತ್ರ. ಸಫಾರಿ, ಅಂದರೆ ಇಲಾಖೆಯ ವಾಹನದಲ್ಲಿ ಕಾಡು ಸುತ್ತುವುದು, ಬಾಯಿ ಮುಚ್ಚಿ ಕೂರಬಲ್ಲ ಮಕ್ಕಳಿಗೆ. ಪ್ರಾಣಿ ಕಾಣಿಸದೆಯೂ ಇರಬಹುದು ಎಂದು ಮೊದಲೇ ಹೇಳಿ ಕರೆದೊಯ್ಯಿರಿ.

ಹಂತ 7: ನೀರಿನ ವಿಷಯದಲ್ಲಿ ಒಂದೇ ನಿಯಮ

ಕೊಡಗಿನ ಜಲಪಾತ ನೋಡುವುದಕ್ಕೆ, ಇಳಿಯುವುದಕ್ಕಲ್ಲ. ಅಬ್ಬಿ, ಚೇಲಾವರ, ಮಲ್ಲಳ್ಳಿ, ಯಾವುದೇ ಇರಲಿ. ಪಾಚಿ ಹಿಡಿದ ಬಂಡೆಯ ಪಕ್ಕದಲ್ಲೇ ಆಳವಾದ ಗುಂಡಿ ಇರುತ್ತದೆ. ಈಜು ಬರುವವರೂ ಇಂಥ ಕಡೆ ಪ್ರಾಣ ಕಳೆದುಕೊಂಡಿದ್ದಾರೆ. ಇಲ್ಲಿ ಬಿಸಿಲಿದ್ದರೂ ಮೇಲೆ ಬೆಟ್ಟದಲ್ಲಿ ಮಳೆಯಾದರೆ ಹೊಳೆ ನೋಡುನೋಡುತ್ತಲೇ ಏರುತ್ತದೆ. ತಿಳಿಯಾಗಿದ್ದ ನೀರು ಕೆಂಪಾಗಿ, ಕಸಕಡ್ಡಿ ತೇಲಿಬಂದರೆ ತಕ್ಷಣ ದಡ ಬಿಡಿ. ಫೋಟೋಗೆ ಮಕ್ಕಳನ್ನು ಬಂಡೆಯ ಮೇಲೆ ನಿಲ್ಲಿಸುವುದು ಅಪ್ಪಂದಿರೇ. ದಯವಿಟ್ಟು ಬೇಡ. ತುರ್ತಿಗೆ 112 ಅಥವಾ 108. ಜಿಲ್ಲಾ ಆಸ್ಪತ್ರೆ ಮಡಿಕೇರಿಯಲ್ಲಿದೆ.

ಹಂತ 8: ಕಾಫಿ ತೋಟ ತೋರಿಸಿ

ಇದಕ್ಕೆ ಟಿಕೆಟ್ ಬೇಕಿಲ್ಲ. ಹೋಂಸ್ಟೇಯವರನ್ನು ಕೇಳಿದರೆ ಸಂತೋಷದಿಂದ ಕರೆದುಕೊಂಡು ಹೋಗುತ್ತಾರೆ. ಕೇಳದೆ ಯಾರ ತೋಟಕ್ಕೂ ನುಗ್ಗಬೇಡಿ. ಕೊಯ್ಲಿನ ಸಮಯವಾದರೆ ಒಂದು ಕೆಂಪು ಹಣ್ಣು ಕೊಯ್ದು ತೊಳೆದು ಮಗುವಿನ ಕೈಗೆ ಕೊಡಿ. ಹಿಸುಕಿದರೆ ಪುಳಕ್ಕನೆ ಎರಡು ಬೀಜ ಹೊರಗೆ ಬರುತ್ತವೆ. ಮೇಲೆ ಲೋಳೆ, ನೆಕ್ಕಿದರೆ ಸಿಹಿ. ಅಪ್ಪ ಕುಡಿಯುವ ಕಾಫಿ ಇದೇ ಎಂದರೆ ನಂಬುವುದೇ ಇಲ್ಲ! ಎಲೆಗಳ ಮೇಲೆ ನೀಲಿ ಕಲೆ ಕಂಡರೆ ಮುಟ್ಟಿಸಬೇಡಿ. ಅದು ಬೋರ್ಡೋ ದ್ರಾವಣ, ಮೈಲುತುತ್ತ ಮತ್ತು ಸುಣ್ಣ ಬೆರೆಸಿ ರೋಗಕ್ಕೆ ಹೊಡೆಯುವ ಔಷಧಿ.

ಹಂತ 9: ಊಟ

ಮಕ್ಕಳಿಗೆ ನೂಲ್‌ಪುಟ್ಟು (ಒತ್ತುಶಾವಿಗೆ), ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಾಪುಟ್ಟು (ಹಾಲು-ತೆಂಗಿನಕಾಯಿ ಹಾಕಿ ಬೇಯಿಸಿದ ಅಕ್ಕಿ ತರಿ) ಯಾವುದಾದರೂ ಒಗ್ಗುತ್ತದೆ. ಮಾಂಸ ತಿನ್ನುವವರಿಗೆ ಕಾಚಂಪುಳಿ, ಅಂದರೆ ಕಪ್ಪಗೆ ಕಾಯಿಸಿದ ಹುಳಿರಸ, ಹಾಕಿದ ಪಂದಿ ಕರಿ (ಹಂದಿ ಮಾಂಸದ ಪಲ್ಯ). ಸಸ್ಯಾಹಾರಿಗಳಿಗೆ ಮಳೆಗಾಲದಲ್ಲಿ ಅಣಬೆ, ಕಣಿಲೆ (ಎಳೆ ಬಿದಿರು). ಕಾಳುಮೆಣಸು ಧಾರಾಳ, ಕಮ್ಮಿ ಹಾಕಿ ಎಂದು ಮೊದಲೇ ಹೇಳಿ. ಆಗಸ್ಟ್ ಮೊದಲ ವಾರ ಬಂದವರಿಗೆ ಮದ್ದು ಪಾಯಸ ಸಿಗಬಹುದು. ಮದ್ದು ಸೊಪ್ಪಿನ ರಸದಿಂದ ಮಾಡಿದ ನೇರಳೆ ಬಣ್ಣದ ಪಾಯಸ. ಮಾರನೆಯ ದಿನ ಮಗುವಿನ ಮೂತ್ರ ಕೆಂಪಾದರೆ ಆಸ್ಪತ್ರೆಗೆ ಓಡಬೇಡಿ, ಅದು ಸೊಪ್ಪಿನ ಬಣ್ಣ.

ಹಂತ 10: ಖರೀದಿ, ವಾಪಸ್

ಕಾಫಿಪುಡಿ ಕೊಳ್ಳುವಾಗ ಚಿಕೋರಿ ಎಷ್ಟು ಪಾಲು ಎಂದು ಕೇಳಿ. ಚಿಕೋರಿ ಅಂದರೆ ಪುಡಿಗೆ ಬೆರೆಸುವ ಒಂದು ಬೇರಿನ ಪುಡಿ, ಪೊಟ್ಟಣದ ಮೇಲೂ ಬರೆದಿರುತ್ತದೆ. ಟ್ಯಾಕ್ಸಿಯವರು ತಾವಾಗಿ ನಿಲ್ಲಿಸುವ ಸಾಂಬಾರ ಪದಾರ್ಥದ ಅಂಗಡಿಗಿಂತ ಪೇಟೆಯ ಅಂಗಡಿಯಲ್ಲಿ ಕಾಳುಮೆಣಸು, ಏಲಕ್ಕಿ ಅಗ್ಗ. ಜೇನುತುಪ್ಪವನ್ನು ಸಹಕಾರ ಸಂಘದ ಮಳಿಗೆಯಲ್ಲಿ ಕೊಳ್ಳಿ.

ಭಾನುವಾರ ಊಟ ಮುಗಿಸಿ ಹೊರಟರೆ ಕುಶಾಲನಗರದಿಂದಲೇ ವಾಹನಗಳ ಸಾಲು. ಬೆಳಿಗ್ಗೆ ಹತ್ತರೊಳಗೆ ಮಡಿಕೇರಿ ಬಿಡಿ. ಗೋಣಿಕೊಪ್ಪ, ತಿತಿಮತಿ ಮೇಲೆ ಹುಣಸೂರಿಗೆ ಹೋಗುವವರು ಆನೆಚೌಕೂರಿನ ಕಾಡನ್ನು ಬೆಳಕಿದ್ದಾಗಲೇ ದಾಟಿ. ಅಲ್ಲಿ ತಿಂಡಿಗೆಂದು ಗಾಡಿ ನಿಲ್ಲಿಸುವುದು, ಮಕ್ಕಳನ್ನು ಮೂತ್ರಕ್ಕೆ ಇಳಿಸುವುದು ಎರಡೂ ಬೇಡ. ತಿತಿಮತಿಯಲ್ಲೇ ಮುಗಿಸಿಕೊಳ್ಳಿ.